ಸೂಜಿ ಚುಚ್ಚಿಟ್ಟ ಬಟ್ಟೆ

ಅತ್ತೆ ಅದನ್ನು ಇಸ್ತ್ರಿ ಮಾಡಿಟ್ಟಿದ್ದರು. ನನ್ನ ಕಣ್ಣಿಗೆ ಮೊದಲು ಬಿದ್ದದ್ದೇ ಅದು. ಅಂಚು ಮಡಚಿ, ಹೆಮ್ಮಿಂಗ್ ಹಾಕಿ, ಗಂಟು ಕಾಣದ ಹಾಗೆ ದಾರವನ್ನು ಒಳಗೆ ತಳ್ಳಿ, ಒಂದು ಸುಕ್ಕೂ ಉಳಿಯದ ಹಾಗೆ ಇಸ್ತ್ರಿ ಎಳೆದು, ಗಿರಾಕಿಗಳಿಗೆ ಕೊಡಬೇಕಾದ ಬಟ್ಟೆ ಇಡುವ ಹಲಗೆಯ ಮೇಲೆ ಇಟ್ಟಿದ್ದರು. ಬೆಳಿಗ್ಗೆ ನಾನು ಬಿಟ್ಟುಹೋದಾಗ ಅದು ಮುಕ್ಕಾಲು ಪಾಲು ಬರಿಯ ಬೂದು ಬಟ್ಟೆ. ಈಗ ಅದರ ಸುತ್ತ ಹೂವಿನ ಬಳ್ಳಿ ಹಬ್ಬಿತ್ತು.

"ಮುಗಿಸಿಟ್ಟಿದ್ದೀನಿ ನೋಡು," ಎಂದರು ಅತ್ತೆ, ಮಷಿನ್ನಿನಿಂದ ತಲೆ ಎತ್ತದೆ. "ಎಷ್ಟು ದಿನದಿಂದ ಎಳೀತಾ ಇದ್ಯೋ ಏನೋ."

ನಾನು, ಅಕ್ಕ ಆಗಷ್ಟೇ ಆಸ್ಪತ್ರೆಗೆ ಸಮವಸ್ತ್ರದ ಗಂಟು ಕೊಟ್ಟು, ಒಬ್ಬೊಬ್ಬರಿಗೂ ತೊಡಿಸಿ ನೋಡಿ ಸಂಜೆಗೆ ಬಂದಿದ್ದೆವು. ಖಾಲಿ ಚೀಲ ಇನ್ನೂ ನನ್ನ ಕೈಯಲ್ಲೇ ಇತ್ತು. ಸಿಟ್ಟು ಬಂದರೆ ನನಗೆ ಮಾತು ಬರುವುದಿಲ್ಲ, ಕಿವಿ ಕಾಯುತ್ತದೆ. ಅಕ್ಕ ನನ್ನ ಭುಜದ ಮೇಲಿಂದ ಇಣುಕಿ, ಅಯ್ಯೋ ಎಷ್ಟು ಚೆಂದ ಆಗಿದೆ, ನಿನ್ನ ಬೋಳು ಬಟ್ಟೆಗೆ ಈಗ ಜೀವ ಬಂತು ಎಂದಳು. ಕಟಿಂಗ್ ಮಾಸ್ಟರ್ ಕೂಡ ತಮ್ಮ ಮೇಜಿನ ಹತ್ತಿರದಿಂದ ಹೌದು ಹೌದು ಎಂದರು. ಮೂವರಿಗೂ ಸಂತೋಷ. ಅದರ ನಡುವೆ ನಿಂತು ಸಿಟ್ಟಾಗಿರುವುದು ಎಷ್ಟು ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು.

ನಮ್ಮ ಹೊಲಿಗೆ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಸೂಜಿ ಚುಚ್ಚಿಟ್ಟ ಬಟ್ಟೆ ಕಂಡರೆ, ಯಾರ ಕೈ ಖಾಲಿಯಿದೆಯೋ ಅವರು ಅದನ್ನು ಮುಗಿಸಬೇಕು. ಯಾರು ಶುರು ಮಾಡಿದ್ದು ಎಂದು ಕೇಳುವ ಹಾಗಿಲ್ಲ. ಸೂಜಿ ಹಾಗೇ ಉಳಿದರೆ ತುಕ್ಕು ಹಿಡಿದು ಬಟ್ಟೆಗೆ ಕಲೆ ಬೀಳುತ್ತದೆ, ಗಿರಾಕಿಗೆ ಕೊಟ್ಟ ಮಾತು ತಪ್ಪುತ್ತದೆ. ಅತ್ತೆ ಈ ಅಂಗಡಿ ಕಟ್ಟಿದ್ದೇ ಆ ಪದ್ಧತಿಯ ಮೇಲೆ. ಅವರು ಅಪ್ಪನ ಅಕ್ಕ. ಉದ್ದನೆಯ ಇಕ್ಕಟ್ಟಾದ ಕೋಣೆ, ಮುಂದೆ ಬೀದಿಗೆ ಶಟರ್, ಹಿಂದೆ ಓಣಿಗೆ ಒಂದು ಕಿಟಕಿ. ಕಿಟಕಿಯ ಕೆಳಗೆ ಸ್ಟೂಲಿನ ಮೇಲೆ ನಾನು. ಕಾಜ ಹೊಲಿಯುವುದು, ಗುಂಡಿ ಹಚ್ಚುವುದು, ಕೋಟಿನ ಒಳಅಂಚು ಕೈಹೊಲಿಗೆ ಹಾಕುವುದು ನನ್ನ ಕೆಲಸ. ನನ್ನ ಮುಂದೆ ಅತ್ತೆಯ ಮಷಿನ್ನು, ಅದರಾಚೆ ಅಕ್ಕನದು.

ಶಾಲೆಯಲ್ಲಿ ಎದ್ದು ನಿಂತು ಉತ್ತರ ಹೇಳು ಎಂದರೆ ನನ್ನ ಗಂಟಲು ಕಟ್ಟುತ್ತಿತ್ತು. ಉತ್ತರ ಗೊತ್ತಿದ್ದರೂ ಕಟ್ಟುತ್ತಿತ್ತು. ಶಾಲೆ ಬಿಟ್ಟು ಮನೆಯಲ್ಲಿ ಕೂತವಳನ್ನು ಅತ್ತೆಯೇ ಬಂದು ಕರೆದುಕೊಂಡು ಹೋದರು. ಇಲ್ಲಿ ಬಾಯಿ ಬೇಡ, ಕೈ ತಂದರೆ ಸಾಕು ಎಂದಿದ್ದರು. ಮಷಿನ್ನಿನ ಹೊಟ್ಟೆಯೊಳಗಿನ ದಾರದ ಉರುಳೆಯ ಹಾಗೆ ಅಡಗಿ ಕೂರುವವಳು ಎಂದು ಮಾಸ್ಟರ್ ನನಗೆ ಬಾಬಿನ್ ಎಂದು ಹೆಸರಿಟ್ಟರು. ನನಗೆ ಆ ಹೆಸರೂ ಹಿಡಿಸಿತು, ಜಾಗವೂ ಹಿಡಿಸಿತು. ಅತ್ತೆಯ ಋಣ ನನ್ನ ಮೇಲಿದೆ, ಇಲ್ಲವೆನ್ನುವುದಿಲ್ಲ. ಆದರೆ ಋಣವಿದ್ದಲ್ಲಿ ಸಿಟ್ಟು ಕಡಿಮೆಯಾಗುತ್ತದೆ ಎನ್ನುವುದು ಸುಳ್ಳು. ಹೊರಗೆ ಹೋಗಲು ದಾರಿಯಿಲ್ಲದೆ ಅದು ಒಳಗೇ ಕುದಿಯುತ್ತದೆ.

ಹೆಂಗಸರು ಅಳತೆ ಕೊಡಲು ಬಂದರೆ ಟೇಪು ಹಿಡಿಯುವವಳು ನಾನೇ. ಅವರ ಹಿಂದೆ ನಿಂತು ಭುಜ, ಬೆನ್ನು, ಸೊಂಟ ಅಳೆದು ಮಾಸ್ಟರಿಗೆ ಮೆಲ್ಲಗೆ ಹೇಳುತ್ತೇನೆ. ಮುಖ ನೋಡುವುದಕ್ಕೆ ನನಗೆ ಸಂಕೋಚ. ಬೆನ್ನಿನ ಹತ್ತಿರ ಆ ಸಂಕೋಚವಿಲ್ಲ, ಬೆನ್ನು ತಿರುಗಿ ಏನೂ ಕೇಳುವುದಿಲ್ಲ. ಅಳತೆಗೆ ನಿಂತಾಗ ಮುಖದಲ್ಲಿ ನಗು ಇಟ್ಟುಕೊಂಡವರ ಬೆನ್ನು ಕೂಡ ತನಗೆ ಹೇಗೆ ಬೇಕೋ ಹಾಗೇ ಇರುತ್ತದೆ. ಹೀಗೆ ನೋಡುತ್ತ ನೋಡುತ್ತ ಒಂದು ದಿನ ಲೈನಿಂಗ್ ಬಟ್ಟೆಯ ತುಂಡಿನ ಮೇಲೆ ಉಳಿದ ದಾರದಿಂದ ಒಂದು ಬೆನ್ನಿನ ಚಿತ್ರ ಹೊಲಿದೆ. ಆಮೇಲೆ ಇನ್ನೊಂದು.

ಮೊದಮೊದಲು ಸಂಜೆ ಹೊಲಿಯುತ್ತಿದ್ದೆ. ದಿನವಿಡೀ ಕಾಜ ಹೊಲಿದ ಕೈ ಅಷ್ಟು ಹೊತ್ತಿಗೆ ಸತ್ತಿರುತ್ತಿತ್ತು. ಹಟಕ್ಕೆ ಬಿದ್ದು ಹೊಲಿದು, ಕಣ್ಣು ಉರಿದು, ಸಾಕಪ್ಪಾ ಎಂದು ತಿಂಗಳುಗಟ್ಟಲೆ ಬಿಟ್ಟುಬಿಟ್ಟೆ. ಬಿಟ್ಟಾಗಲೇ ಗೊತ್ತಾದದ್ದು, ಅದಿಲ್ಲದೆ ನಾನು ಮನೆಯಲ್ಲಿ ಎಲ್ಲರ ಮೇಲೂ ಮುಖ ಗಂಟಿಕ್ಕಿಕೊಂಡು ತಿರುಗುತ್ತೇನೆ ಎಂದು. ಅಂಗಡಿಯ ಬೀಗದ ಕೈ ಅತ್ತೆ ನನಗೇ ಕೊಟ್ಟಿದ್ದರು. ಬೇಗ ಬಂದು ಗುಡಿಸಿ, ಬಾಬಿನ್‌ಗಳಿಗೆಲ್ಲ ದಾರ ಸುತ್ತಿಡುವುದು ನನ್ನ ಪಾಲಿನದು. ಇನ್ನೂ ಬೇಗ ಬಂದರೆ, ಗುಡಿಸಿ ಸುತ್ತಿ ಮುಗಿದ ಮೇಲೂ ಉಳಿದವರು ಬರುವ ತನಕ ಒಂದಿಷ್ಟು ಹೊತ್ತು ಉಳಿಯುತ್ತಿತ್ತು. ಹಿಂದಿನ ಕಿಟಕಿಯ ಬೆಳಕು ಆಗ ತಣ್ಣಗಿರುತ್ತದೆ. ಆ ಹೊತ್ತನ್ನು ನನ್ನದು ಮಾಡಿಕೊಂಡೆ.

ಅದಕ್ಕೆ ನಾನೇ ಕಟ್ಟುಪಾಡು ಮಾಡಿಕೊಂಡೆ. ಬಟ್ಟೆ ಅಂಗೈಗಿಂತ ತುಸು ದೊಡ್ಡದಿರಬೇಕು, ಅಷ್ಟೆ. ಯಾರಿಗೂ ಕೊಡುತ್ತೇನೆಂದು ಮಾತು ಕೊಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಸಾಕಾಗುವ ಮೊದಲೇ ನಿಲ್ಲಿಸಬೇಕು. ಸಾಲಿನ ನಡುವೆಯೇ, ಮುಂದಿನ ಹೊಲಿಗೆ ಎಲ್ಲಿ ಬೀಳಬೇಕೆಂದು ಕಣ್ಣಿಗೆ ಕಾಣುತ್ತಿರುವಾಗಲೇ ಸೂಜಿ ಚುಚ್ಚಿ ಇಡಬೇಕು. ಹಾಗಿಟ್ಟರೆ ಮರುದಿನ ಎಲ್ಲಿಂದ ಶುರು ಮಾಡಲಿ ಎಂದು ತಲೆ ಕೆರೆಯುವುದಿಲ್ಲ, ಕೈ ತಾನೇ ಹೋಗಿ ಸೂಜಿ ಹಿಡಿಯುತ್ತದೆ. ಇದನ್ನು ಕಂಡುಕೊಂಡ ಮೇಲೆ ನಾನು ಒಂದು ದಿನವೂ ತಪ್ಪಿಸಿರಲಿಲ್ಲ.

ದಿನವೂ ಅದನ್ನು ಡಬ್ಬಿಯಲ್ಲಿ ಹಾಕಿ ಸ್ಟೂಲಿನ ಕೆಳಗೆ ತಳ್ಳುತ್ತಿದ್ದೆ. ಆ ದಿನ ಅತ್ತೆ ಎಂದಿಗಿಂತ ಮೊದಲೇ ಬಂದು, ಆಸ್ಪತ್ರೆಯವರು ಕಾಯುತ್ತಿದ್ದಾರೆ ಏಳು ಏಳು ಎಂದು ಅವಸರ ಮಾಡಿದರು. ಸ್ಟೂಲಿನ ಮೇಲೇ ಬಿಟ್ಟು ಗಂಟು ಹೊತ್ತುಕೊಂಡು ಹೋದೆ. ಮಧ್ಯಾಹ್ನ ಅತ್ತೆಯ ಕೈ ಖಾಲಿಯಾಗಿದೆ. ಸೂಜಿ ಚುಚ್ಚಿದ ಬಟ್ಟೆ ಕಣ್ಣಿಗೆ ಬಿದ್ದಿದೆ.

ಹೂವಿನ ಬಳ್ಳಿಯನ್ನಾದರೂ ಸಹಿಸಬಹುದಿತ್ತು. ಅವರು ಭುಜವನ್ನು ನೆಟ್ಟಗೆ ಮಾಡಿದ್ದರು.

ಅದು ಅತ್ತೆಯದೇ ಬೆನ್ನು. ಇಷ್ಟು ವರ್ಷ ದಿನವಿಡೀ ನನ್ನ ಕಣ್ಣ ಮುಂದೆ ಇದ್ದದ್ದು ಅದೊಂದೇ ಬೆನ್ನು. ಅವರ ಎಡಭುಜ ಬಲಕ್ಕಿಂತ ಸಾಕಷ್ಟು ಕೆಳಗಿದೆ. ಹೊರಗೆ ಯಾರಿಗೂ ಅದು ತಿಳಿಯುವುದಿಲ್ಲ, ಏಕೆಂದರೆ ತಮ್ಮ ಮೇಲಂಗಿಗಳಿಗೆಲ್ಲ ಅವರೇ ಆ ಬದಿಗೆ ದಪ್ಪ ಪ್ಯಾಡು ಇಟ್ಟುಕೊಳ್ಳುತ್ತಾರೆ. ಸೆಕೆಗೆ ಮೇಲಂಗಿ ತೆಗೆದು ಮಷಿನ್ನಿಗೆ ಬಗ್ಗಿದಾಗ ಮಾತ್ರ, ಹಿಂದೆ ಕೂತ ನನಗೆ, ಕತ್ತಿನಿಂದ ಆ ಭುಜದವರೆಗಿನ ಇಳಿಜಾರು ಕಾಣುತ್ತದೆ. ಅಷ್ಟು ಚೆಂದದ ಗೆರೆಯನ್ನು ನಾನು ಬೇರೆ ಯಾವ ಬೆನ್ನಿನಲ್ಲೂ ಕಂಡಿಲ್ಲ. ಅದನ್ನು ದಾರದಲ್ಲಿ ಹಿಡಿಯಲು ಎಷ್ಟೋ ಬೆಳಗುಗಳು ಹೋದವು. ಒಂದೆಳೆ ಮೇಲಾದರೆ ಸೆಟೆದು ನಿಂತಂತೆ, ಒಂದೆಳೆ ಕೆಳಗಾದರೆ ಮುರಿದುಬಿದ್ದಂತೆ. ಹೊಲಿದು ಬಿಚ್ಚಿ, ಹೊಲಿದು ಬಿಚ್ಚಿ, ಕೊನೆಗೆ ಬಂದಿತ್ತು. ಆ ಗೆರೆಯೊಂದೇ ಕಾಣಲಿ ಎಂದೇ ಸುತ್ತ ಬಟ್ಟೆಯನ್ನು ಬರಿದಾಗಿ ಬಿಟ್ಟಿದ್ದೆ.

ಅತ್ತೆ ತಮ್ಮ ಬೆನ್ನನ್ನು ಯಾವತ್ತು ನೋಡಿಕೊಂಡಿದ್ದಾರೆ? ಗುರುತು ಸಿಕ್ಕಿಲ್ಲ. ಮನುಷ್ಯನ ಮೈಯಲ್ಲಿ ಊನ ಕಂಡರೆ ಮುಚ್ಚುವುದು ಹೊಲಿಗೆಯವರ ಧರ್ಮ. ಹೊಟ್ಟೆಯಿದ್ದರೆ ಬಟ್ಟೆಯ ಪಟ್ಟೆ ಅಡ್ಡ ಬರಬಾರದು, ಗೂನು ಇದ್ದರೆ ಕಾಲರ್ ಎತ್ತಬೇಕು, ಭುಜ ಇಳಿದಿದ್ದರೆ ಎತ್ತಿ ಕೂರಿಸಬೇಕು. ಅವರ ಕೈ ಅದನ್ನೇ ಮಾಡಿತ್ತು. ನನ್ನ ದಾರ ಬಿಚ್ಚಿ, ಭುಜವನ್ನು ಬಲಗಡೆಯಷ್ಟೇ ಎತ್ತರಕ್ಕೆ ಎಳೆದು, ಹೊಸದಾಗಿ ಹೊಲಿದಿತ್ತು. ಮರದ ಬೊಂಬೆಯ ಬೆನ್ನಿನ ಹಾಗೆ ಕೂತಿತ್ತು ಅದು.

"ಒಂದು ಕಡೆ ಜಾರಿತ್ತು," ಎಂದರು ಅತ್ತೆ. "ಸರಿ ಮಾಡಿದ್ದೀನಿ."

ಅಷ್ಟರಲ್ಲೇ ಇನ್ನೂ ಒಂದು ಸುದ್ದಿ ಬಂತು. ಹಲ್ಲಿನ ಡಾಕ್ಟರಮ್ಮ ಕೋಟಿನ ಟ್ರಯಲ್‌ಗೆ ಬಂದಿದ್ದರಂತೆ, ಇದನ್ನು ನೋಡಿ ತಮ್ಮ ಕ್ಲಿನಿಕ್ಕಿನ ಗೋಡೆಗೆ ಬೇಕು ಎಂದರಂತೆ. ಅತ್ತೆ ದೊಡ್ಡ ಮನಸ್ಸು ಮಾಡಿ, ನಾಳೆ ಕೋಟಿನ ಜೊತೆಗೇ ತಗೊಂಡು ಹೋಗಿ, ನಮ್ಮ ಹುಡುಗಿ ಇಂಥದ್ದು ಇನ್ನಷ್ಟು ಮಾಡಿಕೊಡುತ್ತಾಳೆ ಎಂದು ಹೇಳಿಬಿಟ್ಟಿದ್ದರು. ಅಕ್ಕನಿಗೆ ನಗು ತಡೆಯಲಿಲ್ಲ. ಹಲ್ಲು ಕೀಳಿಸಿಕೊಳ್ಳಲು ಕೂತವರಿಗೆ ಬೆನ್ನು ತೋರಿಸಿದರೆ ಅವರೂ ಬೆನ್ನು ತಿರುಗಿಸಿ ಓಡಿಹೋಗುತ್ತಾರೆ, ಅದಕ್ಕೇ ಅತ್ತೆ ಹೂವು ಹಾಕಿದ್ದು ಎಂದಳು. ಎಲ್ಲರೂ ನಕ್ಕರು. ನಾನು ಸ್ಟೂಲಿನ ಮೇಲೆ ಕೂತು ಕಾಜ ಹೊಲಿಯತೊಡಗಿದೆ. ಎಲ್ಲ ಕಾಜವೂ ವಕ್ರ ಬಂತು.

ಮರುದಿನ ಬೆಳಿಗ್ಗೆ ಬೀಗ ತೆಗೆದು, ಹಲಗೆಯ ಮೇಲಿಂದ ಅದನ್ನು ಎತ್ತಿಕೊಂಡು ಕಿಟಕಿಯ ಕೆಳಗೆ ಕೂತೆ. ಸಣ್ಣ ಕತ್ತರಿಯ ತುದಿಯನ್ನು ಮೊದಲ ಹೂವಿನ ಕೆಳಗೆ ತೂರಿಸಿದೆ. ಆಮೇಲೆ ತೆಗೆದೆ. ಹೇಳದೆ ಕೇಳದೆ ಇನ್ನೊಬ್ಬರ ಹೊಲಿಗೆ ಬಿಚ್ಚುವುದೆಂದರೆ ನಮ್ಮಲ್ಲಿ ಮುಖಕ್ಕೆ ಹೊಡೆದ ಹಾಗೆ. ಆದರೆ ನನ್ನನ್ನು ತಡೆದದ್ದು ಅದಲ್ಲ. ಈ ಹೊತ್ತು ನನ್ನದು. ಇದರಲ್ಲಿ ಇನ್ನೊಬ್ಬರ ಹೊಲಿಗೆ ಬಿಚ್ಚುತ್ತ ಯಾಕೆ ಕೂರಲಿ? ಬಿಚ್ಚುವುದು ಅಂಗಡಿಯ ಕೆಲಸ. ಅದನ್ನು ಅಂಗಡಿಯ ಹೊತ್ತಿನಲ್ಲೇ ಮಾಡುತ್ತೇನೆ ಎಂದುಕೊಂಡು, ಹೊಸ ತುಂಡು ಬಟ್ಟೆ ತೆಗೆದು ಬರುವ ದಾರಿಯಲ್ಲಿ ಕಂಡ, ಬಸ್ಸಿಗೆ ಕಾಯುವ ಯಾರದೋ ಬೆನ್ನಿನ ಮೊದಲ ಗೆರೆ ಹಾಕಿದೆ. ಗೆರೆ ಹಾಳಾಯಿತು. ಅದಕ್ಕೂ ಸಿಟ್ಟು ಬಂತು.

ಎಲ್ಲರೂ ಬಂದು ಮಷಿನ್ನುಗಳು ಶುರುವಾದ ಮೇಲೆ, ಕೋಟುಗಳನ್ನು ಪಕ್ಕಕ್ಕಿಟ್ಟು, ಅತ್ತೆಯ ಬಳ್ಳಿಯನ್ನು ಬಿಚ್ಚತೊಡಗಿದೆ. ಗಟ್ಟಿ ಹೊಲಿಗೆ, ಸುಲಭಕ್ಕೆ ಬರುತ್ತಿರಲಿಲ್ಲ. ಮೊದಲು ಅಕ್ಕನ ಮಷಿನ್ನು ನಿಂತಿತು. ಆಮೇಲೆ ಅತ್ತೆಯದು.

"ಏನು ಮಾಡ್ತಾ ಇದ್ದೀಯ?"

"ಬಿಚ್ತಾ ಇದ್ದೀನಿ."

"ಯಾರನ್ನ ಕೇಳಿ?"

"ನೀವು ಯಾರನ್ನ ಕೇಳಿ ಹೊಲಿದ್ರಿ?"

ಅದು ನನ್ನ ಬಾಯಿಂದ ಬಂತು ಎಂದು ನಂಬಲು ನನಗೇ ಸ್ವಲ್ಪ ಹೊತ್ತು ಬೇಕಾಯಿತು. ಮಾಸ್ಟರ್ ಕತ್ತರಿಯನ್ನು ಬಟ್ಟೆಯ ನಡುವೆಯೇ ನಿಲ್ಲಿಸಿದ್ದರು. ಹಾಗೆ ನಿಲ್ಲಿಸಿದರೆ ಅಂಚು ಹಲ್ಲು ಹಲ್ಲಾಗುತ್ತದೆ ಎಂದು ನಮಗೆಲ್ಲ ಬಯ್ಯುವವರು ಅವರೇ. ಅತ್ತೆ, ಅದರಲ್ಲಿ ಸೂಜಿ ಇತ್ತು ಎಂದರು. ಅದು ಅಂಗಡಿ ಬಟ್ಟೆಯಲ್ಲ ಎಂದೆ.

"ತುಂಡು ಯಾರದು? ದಾರ ಯಾರದು?"

"ನಿಮ್ಮದೇ. ಹೊತ್ತು ನನ್ನದು."

ಡಾಕ್ಟರಮ್ಮ ಒಳಗೆ ಬಂದದ್ದು ಸರಿಯಾಗಿ ಆಗಲೇ. ಅವರು ಯಾವ ತಪ್ಪೂ ಮಾಡದ ಹೆಂಗಸು, ಅವರ ಮೇಲೆ ನನಗೆ ಸಿಟ್ಟಿರಲಿಲ್ಲ. ಅತ್ತೆ ದನಿ ಬದಲಾಯಿಸಿ, ಕೂತ್ಕೊಳ್ಳಿ ಮೇಡಂ, ಹುಡುಗಿ ಒಂದು ಸಣ್ಣ ರಿಪೇರಿ ಮಾಡುತ್ತಿದ್ದಾಳೆ ಎಂದರು. ನಾನು ಕೈ ನಿಲ್ಲಿಸಲಿಲ್ಲ. ಬಳ್ಳಿಯ ಒಂದು ಬದಿ ಅಷ್ಟರಲ್ಲಿ ಹೋಗಿತ್ತು, ಭುಜದ ದಾರ ಎಳೆಯುತ್ತಿದ್ದೆ. ಡಾಕ್ಟರಮ್ಮ ಹತ್ತಿರ ಬಂದು, ಚೆನ್ನಾಗಿತ್ತಲ್ಲಮ್ಮಾ, ಯಾಕೆ ಹಾಳು ಮಾಡುತ್ತೀಯ ಎಂದು ಕೇಳಿದರು. ಇದು ಕೊಡಲಿಕ್ಕಲ್ಲ ಎಂದೆ. ಕಣ್ಣು ಬಟ್ಟೆಯ ಮೇಲೇ ಇತ್ತು. ಅವರು ಬಗ್ಗಿ ನೋಡಿದರು. ಹೊಸ ದಾರ ಕಿತ್ತ ಕಡೆ, ನನ್ನ ಹಳೆಯ ಸೂಜಿ ಹೋದ ತೂತುಗಳು ಸಾಲಾಗಿ ಕಾಣುತ್ತಿದ್ದವು, ಕೆಳಕ್ಕೆ ಇಳಿಯುತ್ತಾ.

"ಯಾರದ್ದು ಈ ಬೆನ್ನು?" ಎಂದು ಕೇಳಿದರು.

"ಅತ್ತೇದು."

ಅತ್ತೆಯ ಬಲಗೈ ಎಡಭುಜಕ್ಕೆ ಹೋಯಿತು. ಪ್ಯಾಡಿನ ಮೇಲೆ ಒತ್ತಿಕೊಂಡಿತು. ಡಾಕ್ಟರಮ್ಮ ಅದನ್ನು ನೋಡಿದರು, ನೋಡದ ಹಾಗೆ ಕೋಟು ತೆಗೆದುಕೊಂಡು, ಇನ್ನೊಂದು ದಿನ ಬರುತ್ತೇನೆ ಎಂದು ಹೊರಟರು. ಶಟರಿನಾಚೆ ಅವರ ಚಪ್ಪಲಿ ಸದ್ದು ಮುಗಿದದ್ದೇ ಅತ್ತೆ ನನ್ನ ಕಡೆ ತಿರುಗಿದರು.

"ನನ್ನ ಸೊಟ್ಟ ಭುಜಾನ ಊರಿಗೆಲ್ಲ ತೋರಿಸಬೇಕಿತ್ತಾ ನಿನಗೆ?"

"ಊರಿಗೆ ತೋರಿಸೋಕೆ ಹೊರಟಿದ್ದು ನೀವು. ನಾನು ಡಬ್ಬೀಲಿ ಇಟ್ಟಿದ್ದೆ."

ಅತ್ತೆ ಎದ್ದು ನಿಂತರು. ಅವರ ಕಣ್ಣಲ್ಲಿ ನೀರಿತ್ತೋ ಏನೋ, ನಾನು ಮುಖ ನೋಡಲಿಲ್ಲ. ದನಿಯಲ್ಲಿ ಮಾತ್ರ ಬೆಂಕಿಯೇ ಇತ್ತು. ಚಿಕ್ಕಂದಿನಲ್ಲಿ ಈ ಭುಜಕ್ಕೆ ತಾವು ಕೇಳಿದ ಮಾತು ಎಷ್ಟು, ಕನ್ನಡಿ ಮುಂದೆ ನಿಂತು ಪ್ಯಾಡು ಕತ್ತರಿಸಿ ಕತ್ತರಿಸಿ ಕಲಿತದ್ದು ಹೇಗೆ, ಈ ಕಸುಬಿಗೆ ಬಂದದ್ದೇ ಅದನ್ನು ಮುಚ್ಚಿಕೊಳ್ಳಲಿಕ್ಕೆ ಎಂದೆಲ್ಲ ಒಂದೇ ಉಸಿರಿಗೆ ಹೇಳಿದರು. ಅಕ್ಕನಿಗೂ ನನಗೂ ಅದಾವುದೂ ಗೊತ್ತಿರಲಿಲ್ಲ. ನನ್ನ ಬೆನ್ನು ನನ್ನದು, ಅದನ್ನು ಹೊಲಿಯಲು ನಿನಗೆ ಯಾರು ಹೇಳಿದರು ಎಂದು ಕೇಳಿದರು. ನಾನು ಹೇಳಿದ್ದನ್ನೇ ಅವರೂ ಹೇಳುತ್ತಿದ್ದರು. ಕೇಳದೆ ತೆಗೆದುಕೊಂಡೆ ಎನ್ನುತ್ತಿದ್ದರು. ಅದು ಸರಿಯೆಂದು ತಿಳಿದು ನನ್ನ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು. ತಪ್ಪೆಲ್ಲ ಅವರ ಕಡೆಯೇ ಇದ್ದಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು.

"ಯಾರಿಗೂ ತೋರಿಸಲ್ಲ, ಯಾರಿಗೂ ಕೊಡಲ್ಲ ಅಂದ್ಮೇಲೆ ಮಾಡೋದಾದ್ರೂ ಯಾಕೆ?" ಎಂದರು.

"ಮಾಡದೇ ಇದ್ದ ದಿನ ನಿಮ್ಮ ಕಾಜಾನೂ ನೆಟ್ಟಗೆ ಬರಲ್ಲ."

ಮಾಸ್ಟರ್ ಕೆಮ್ಮಿದರು. ನಗು ನುಂಗಿದ ಕೆಮ್ಮು ಅದು. ಅತ್ತೆ ಅವರ ಕಡೆ ತಿರುಗಿ ಒಂದು ನೋಟ ಬಿಟ್ಟು, ನನ್ನ ಮುಂದೆ ಕೈ ಚಾಚಿದರು. ಬೀಗದ ಕೈ ಇಲ್ಲಿ ಕೊಡು, ನಾಳೆಯಿಂದ ಎಲ್ಲರೂ ಬಂದ ಮೇಲೆ ಬಂದರೆ ಸಾಕು ಎಂದರು. ಕೊಟ್ಟೆ. ಅದರ ಜೊತೆಗೇ ಆ ಬಟ್ಟೆಯನ್ನೂ ಅವರ ಮಷಿನ್ನಿನ ಮೇಲೆ ಇಟ್ಟೆ. ಬೆನ್ನು ನಿಮ್ಮದು, ಇಟ್ಟುಕೊಳ್ಳಿ, ಬೇಕಾದರೆ ಸುಟ್ಟುಹಾಕಿ, ಇನ್ನು ನಿಮ್ಮದನ್ನು ಹೊಲಿಯುವುದಿಲ್ಲ ಎಂದೆ. ಅವರು ಅದನ್ನು ನೋಡದೆ ಮೇಜಿನ ಖಾನೆಯೊಳಗೆ ತುರುಕಿದರು.

ಬಟ್ಟೆ ಹೋದದ್ದಕ್ಕಿಂತ ಬೀಗದ ಕೈ ಹೋದದ್ದೇ ನನಗೆ ದೊಡ್ಡ ಪೆಟ್ಟು. ಬೆನ್ನುಗಳು ಊರು ತುಂಬ ಇವೆ. ಆ ಹೊತ್ತು ಇನ್ನೆಲ್ಲಿ ಸಿಗುತ್ತದೆ? ಮೊದಲ ದಿನ ಬೆಳಿಗ್ಗೆ ಮನೆಯಲ್ಲಿ ಪ್ರಯತ್ನಿಸಿದೆ. ನಮ್ಮದು ಒಂದೇ ಕೋಣೆ. ರಾತ್ರಿಪಾಳಿ ಮುಗಿಸಿ ಬಂದ ಅಪ್ಪ ಆಗಷ್ಟೇ ಮಲಗಿರುತ್ತಾರೆ, ದೀಪ ಹಾಕುವ ಹಾಗಿಲ್ಲ. ಅಕ್ಕ ತಲೆ ಬಾಚುತ್ತ, ಅತ್ತೆಗೆ ಕ್ಷಮಿಸಿ ಅಂದುಬಿಡು, ಒಂದು ಮಾತಿಗೆ ಏನು ಗಂಟು ಹೋಗುತ್ತದೆ ಎಂದು ಪಿಸುಗುಟ್ಟುತ್ತಲೇ ಇದ್ದಳು. ಕ್ಷಮಿಸಿ ಎಂದರೆ ಬೀಗದ ಕೈ ವಾಪಸು ಬರುತ್ತದೆ, ನನಗೂ ಗೊತ್ತಿತ್ತು. ಆದರೆ ಹಾಗೆ ಬಂದ ಹೊತ್ತು ನನ್ನದಾಗಿರುವುದಿಲ್ಲ, ಅತ್ತೆ ಕೊಟ್ಟದ್ದಾಗಿರುತ್ತದೆ. ಕೊಟ್ಟದ್ದನ್ನು ಮತ್ತೆ ಯಾವಾಗ ಬೇಕಾದರೂ ಕಿತ್ತುಕೊಳ್ಳಬಹುದು.

ಮರುದಿನ ಎಂದಿನ ಹೊತ್ತಿಗೇ ಹೋಗಿ, ಮುಚ್ಚಿದ ಶಟರಿನ ಮುಂದಿನ ಮೆಟ್ಟಿಲ ಮೇಲೆ ಕೂತೆ. ಡಬ್ಬಿ ತೆರೆದು ಹೊಲಿಯತೊಡಗಿದೆ.

ಬೀದಿಯಲ್ಲಿ ಕೂತು ಯಾರಾದರೂ ನೋಡುವ ಹಾಗೆ ಹೊಲಿಯುವುದೆಂದರೆ ನನಗೆ ಶಾಲೆಯಲ್ಲಿ ಎದ್ದು ನಿಂತ ಹಾಗೆಯೇ. ಕಲ್ಲು ತಣ್ಣಗಿತ್ತು, ಕಿವಿ ಸುಡುತ್ತಿತ್ತು. ಹಾಲಿನ ಗಾಡಿಯವನು ನೋಡಿದ. ಗುಡಿಸುವವಳು ಪೊರಕೆ ನಿಲ್ಲಿಸಿ ನೋಡಿದಳು, ಆಮೇಲೆ ನನ್ನ ಕಾಲ ಸುತ್ತ ಬಿಟ್ಟು ಗುಡಿಸಿದಳು. ಮುದುಕನೊಬ್ಬ ಅಂಗಿಯ ಜೋತಾಡುವ ಗುಂಡಿ ತೋರಿಸಿ, ಕೂತೇ ಇದ್ದೀಯಲ್ಲ, ಇದೊಂದು ಹಾಕಿಕೊಡು ಎಂದ. ಅಂಗಡಿ ತೆರೆದಿಲ್ಲ ಎಂದೆ. ಸೂಜಿ ಕೈಯಲ್ಲೇ ಇದೆಯಲ್ಲ ಎಂದ. ಇದು ಅಂಗಡಿಯ ಸೂಜಿಯಲ್ಲ ಎಂದೆ. ಈಗಿನ ಹುಡುಗಿಯರಿಗೆ ಎಷ್ಟು ಸೊಕ್ಕು ಎಂದುಕೊಂಡು ಹೋದ. ಸೊಕ್ಕು ಎಂದರೆ ಹೀಗಿರುತ್ತದೆಯೇ ಎಂದು ನನಗೆ ಆಶ್ಚರ್ಯವಾಯಿತು. ನನಗೆ ಎದ್ದು ಓಡಿಹೋಗಬೇಕೆನಿಸುತ್ತಿತ್ತು. ಎದ್ದು ಹೋಗದೆ ಇದ್ದದ್ದು ಧೈರ್ಯದಿಂದಲ್ಲ, ಸಿಟ್ಟಿನಿಂದ.

ಮಾಸ್ಟರ್ ಬಂದು, ಬಾಬಿನ್ ಮಷಿನ್ನಿಂದ ಹೊರಗೆ ಬಿದ್ದಿದೆಯಲ್ಲ ಎಂದರು. ಆಮೇಲೆ ಅತ್ತೆ ಬಂದರು. ನಾನು ಸರಿದು ಜಾಗ ಬಿಟ್ಟೆ, ಶಟರ್ ಎತ್ತಿದರು, ಒಳಗೆ ಹೋದರು. ಎಲ್ಲರೂ ಬಂದ ಮೇಲೆ ನಾನೂ ಹೋಗಿ ಕಾಜಕ್ಕೆ ಕೂತೆ. ಮರುದಿನವೂ ಹಾಗೇ. ಅದರ ಮರುದಿನವೂ. ಅಂಗಡಿಯಲ್ಲಿ ನಮ್ಮಿಬ್ಬರ ನಡುವೆ ಮಾತೆಂದರೆ ಅಳತೆ, ದಾರದ ಬಣ್ಣ, ಅಷ್ಟೇ. ಬೀದಿ ಮಾತ್ರ ನನಗೆ ಮೆಲ್ಲಗೆ ಅಭ್ಯಾಸವಾಯಿತು. ಬಸ್ಸಿಗೆ ಕಾಯುವವರ ಬೆನ್ನುಗಳು ಎದುರಿಗೇ ಸಾಲಾಗಿ ನಿಂತಿರುತ್ತಿದ್ದವು, ಕಿಟಕಿಯಿಂದ ಎಂದೂ ಕಂಡಿರಲಿಲ್ಲ ಅಷ್ಟು. ಒಂದೇ ಕಷ್ಟ, ಬಸ್ಸು ಬಂದರೆ ಬೆನ್ನು ಹೋಗಿಬಿಡುತ್ತಿತ್ತು. ಉಳಿದದ್ದನ್ನು ನೆನಪಿನಿಂದ ಹೊಲಿಯಬೇಕಿತ್ತು. ಯಾರದೆಂದು ಯಾರೂ ಗುರುತಿಸಲಾರದ ಹಾಗೆ ಹೊಲಿಯುವುದನ್ನೂ ಕಲಿಯತೊಡಗಿದ್ದೆ.

ಮೋಡ ಮುಸುಕಿದ್ದ ಒಂದು ಬೆಳಿಗ್ಗೆ ಅತ್ತೆ ಎಲ್ಲರಿಗಿಂತ ಮೊದಲೇ ಬಂದರು. ಶಟರ್ ಎತ್ತಿ, ದೀಪ ಹಾಕಿ, ಬಾಗಿಲಿಗೆ ಬಂದು ನಿಂತರು.

"ಒಳಗೆ ಬಂದು ಕೂತ್ಕೋ. ಹುಡುಗೀನ ಯಾಕೆ ಬೀದೀಲಿ ಕೂರಿಸಿದ್ದೀಯ ಅಂತ ಹೋಗೋ ಬರೋರೆಲ್ಲ ನನ್ನನ್ನ ಕೇಳ್ತಾರೆ."

"ಒಳಗೆ ಬಂದ್ರೆ ಕೆಲಸ ಹೇಳ್ತೀರಿ."

"ಹೇಳದೆ? ಅಂಗಡಿ ಕಣೇ ಇದು."

"ಹಾಗಾದ್ರೆ ಅಂಗಡಿ ಹೊತ್ತಾದ ಮೇಲೆ ಬರ್ತೀನಿ, ಅತ್ತೆ."

ನನ್ನ ದನಿ ನಡುಗಲಿಲ್ಲ. ಅತ್ತೆ, ಮೊಂಡು, ನಿಮ್ಮಪ್ಪನದೇ ಮೊಂಡು ಎಂದುಕೊಂಡು ಒಳಗೆ ಹೋದರು. ಪೊರಕೆಯ ಸದ್ದು ಕೇಳಿತು. ಆಮೇಲೆ ದಾರ ಸುತ್ತುವ ಸದ್ದು. ನನ್ನ ಕೆಲಸವನ್ನು ಅವರು ಮಾಡುತ್ತಿದ್ದರು. ಬೇಕೆಂದೇ ಜೋರಾಗಿ, ನನಗೆ ಕೇಳಲಿ ಎಂದು ಮಾಡುತ್ತಿದ್ದರು. ಎದ್ದು ಒಳಗೆ ಓಡಬೇಕೆನಿಸಿತು. ಏಳಲಿಲ್ಲ.

ಮಾಸ್ಟರ್ ಬಂದು ಒಳಗೆ ಕಾಲಿಟ್ಟವರೇ, ಬಾಬಿನ್, ಆ ಕಂದು ಕೋಟು ಎಲ್ಲಿ, ಬೇಗ ಬಾ, ಗಿರಾಕಿ ಈಗಲೇ ಬರುತ್ತಾನೆ ಎಂದು ಕೂಗಿದರು. ನಾನು ಉತ್ತರಿಸುವ ಮೊದಲೇ ಒಳಗಿನಿಂದ ಅತ್ತೆಯ ದನಿ ಬಂತು.

"ಅವಳನ್ನ ಕರೀಬೇಡಿ. ಅವಳಿಗಿನ್ನೂ ಹೊತ್ತಾಗಿಲ್ಲ."

ಸಿಡುಕಿಯೇ ಹೇಳಿದರು. ನನ್ನ ಸಿಟ್ಟೂ ಇಳಿದಿರಲಿಲ್ಲ. ಎದುರಿಗೆ ಬಸ್ಸು ಬಂದು ನಿಂತು, ಅರ್ಧ ಹೊಲಿದ ಬೆನ್ನನ್ನು ಹತ್ತಿಸಿಕೊಂಡು ಹೋಯಿತು. ನಾನು ಹೊಸ ದಾರ ಪೋಣಿಸಿಕೊಂಡು ಮುಂದುವರಿಸಿದೆ.